ಬೋರ್ ನೀರಿಗೆ ನೈಟ್ರೇಟ್ ಬಂದದ್ದು ಎಲ್ಲಿಂದ?

ಕಲಘಟಗಿ ತಾಲ್ಲೂಕಿನ ಮಿಶ್ರಿಕೋಟಿಯಂಥ ಊರಿನಲ್ಲಿ ಕೊಳವೆಬಾವಿಯ ಪಕ್ಕ ನಿಂತು ಒಮ್ಮೆ ಸುತ್ತ ನೋಡಬೇಕು. ಒಂದು ಕಡೆ ಯೂರಿಯಾ ಉಂಡು ಬೆಳೆಯುವ ಗೋವಿನಜೋಳ, ಇನ್ನೊಂದು ಕಡೆ ಹಿತ್ತಲ ತಿಪ್ಪೆ, ನಡುವೆ ಶೌಚಾಲಯದ ಇಂಗುಗುಂಡಿ. ಮೂರರಿಂದಲೂ ಮಳೆನೀರಿನ ಜೊತೆ ನೆಲಕ್ಕಿಳಿಯಬಲ್ಲದ್ದು ನೈಟ್ರೇಟ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ.

ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಂತೆ, ಕರ್ನಾಟಕದಲ್ಲಿ ಪರೀಕ್ಷಿಸಿದ ಮಾದರಿಗಳ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮಿತಿಯನ್ನು ದಾಟಿದೆ. ಇಂಥ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಎಳೆಗೂಸಿನ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಗ್ಗಬಹುದು. ನಾವು ಮಾಡುವುದೇನು? ಶುದ್ಧ ನೀರಿನ ಘಟಕ ಕೂರಿಸುತ್ತೇವೆ, ಇಲ್ಲವೇ ಇನ್ನೊಂದು ಬೋರ್ ಕೊರೆಸುತ್ತೇವೆ. ಮೂಲ ಮಾತ್ರ ಹಾಗೆಯೇ ಇರುತ್ತದೆ.

ಕೆಲವು ಮಾಲಿನ್ಯಗಳು ತಮ್ಮ ವಿಳಾಸ ತಾವೇ ಹೇಳುತ್ತವೆ. ಬೆಂಗಳೂರಿನ ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸಿಕ್ಕಾಗ ಲೋಹಲೇಪನ ಘಟಕಗಳತ್ತ ನೋಡುವುದು ಸಹಜ. ನವಲಗುಂದದ ಎರೆನೆಲದ ಸವಳು ನೀರಿಗೆ ಬಹುಪಾಲು ನೆಲವೇ ಕಾರಣ. ನೈಟ್ರೇಟ್ ಹಾಗಲ್ಲ. ಅದರ ಜಾಡು ಹಿಡಿಯಲು ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು.

ಮೊದಲ ಮೆಟ್ಟಿಲು ಅಗ್ಗದ್ದು. ಊರಿನ ಬಾವಿ, ಬೋರ್‌ಗಳ ನೀರಿನ ಮಟ್ಟ ಅಳೆದು ನಕ್ಷೆ ಬರೆದರೆ ನೀರು ಯಾವ ದಿಕ್ಕಿಗೆ ಹರಿಯುತ್ತದೆಂದು ತಿಳಿಯುತ್ತದೆ. ಧಾರವಾಡ ಸೀಮೆಯ ಗಟ್ಟಿ ಕಲ್ಲಿನಲ್ಲಿ ನೀರು ಬಿರುಕು ಹಿಡಿದು ಸಾಗುವುದರಿಂದ ಹತ್ತಿರದ ಗುಂಡಿಯೇ ತಪ್ಪಿತಸ್ಥ ಎನ್ನಲಾಗದು. ಆಮೇಲೆ ಕ್ಲೋರೈಡ್ ಮತ್ತು ಇ-ಕೋಲಿ ಪರೀಕ್ಷೆ. ನೈಟ್ರೇಟ್ ಜೊತೆ ಇವೂ ಏರಿದ್ದರೆ ಅನುಮಾನ ಮಲದ ಕಡೆಗೆ ವಾಲುತ್ತದೆ.

ಕೊನೆಯದು ಸಾರಜನಕದ ಐಸೊಟೋಪ್, ಅಂದರೆ ಅದರ ಹಗುರ, ಭಾರ ರೂಪಗಳ ಪಾಲಿನ ಪರೀಕ್ಷೆ. ಯೂರಿಯಾದ ಸಾರಜನಕ ಗಾಳಿಯಿಂದ ಬಂದದ್ದು, ಅದರ ಗುರುತು ಗಾಳಿಯ ಗುರುತಿಗೆ ಹತ್ತಿರ. ತಿಪ್ಪೆಯಲ್ಲಿ, ಗುಂಡಿಯಲ್ಲಿ ಹಗುರ ಸಾರಜನಕ ಅಮೋನಿಯಾ ಆಗಿ ಹಾರಿಹೋಗಿ, ಭಾರದ ಸಾರಜನಕ-15ರ ಪಾಲು ಹೆಚ್ಚಾಗಿ ಉಳಿಯುತ್ತದೆ. ಆದರೆ ನೆಲದೊಳಗಿನ ಬ್ಯಾಕ್ಟೀರಿಯಾ ನೈಟ್ರೇಟನ್ನು ಒಡೆದಾಗಲೂ ಈ ಪಾಲು ಏರುತ್ತದೆ. ಹಾಗಾಗಿ ನೈಟ್ರೇಟಿನಲ್ಲಿರುವ ಆಮ್ಲಜನಕ-18ನ್ನೂ ಜೊತೆಗೆ ನೋಡಬೇಕು. ಸಗಣಿಯೋ ಮನುಷ್ಯರ ಮಲವೋ ಎಂಬುದನ್ನು ಇದೊಂದೇ ಬೇರ್ಪಡಿಸದು. ಅಲ್ಲಿ ನೀರಿನಲ್ಲಿ ಸಿಗುವ ಕೆಫೀನ್‌ನಂಥ ಮನುಷ್ಯಬಳಕೆಯ ಕುರುಹು ನೆರವಿಗೆ ಬರುತ್ತದೆ.

ಈ ವಿದ್ಯೆ ನಮಗೆ ದೂರದ್ದಲ್ಲ. ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಬೆಳಗಾವಿಯಲ್ಲಿದೆ, ಕೃಷಿ ವಿಶ್ವವಿದ್ಯಾಲಯ ಧಾರವಾಡದಲ್ಲಿದೆ. ಮಿತಿ ಮೀರಿದ ಪ್ರತಿ ಬೋರ್‌ಗೂ ‘ಎಷ್ಟು’ ಎಂಬುದರ ಜೊತೆ ‘ಎಲ್ಲಿಂದ’ ಎಂಬ ವರದಿಯನ್ನೂ ಜಿಲ್ಲಾ ಪಂಚಾಯಿತಿ ಕಡ್ಡಾಯ ಮಾಡಲಿ. ಉತ್ತರ ಯೂರಿಯಾ ಎಂದಾದರೆ ರೈತನಿಗೆ ಬೇಕಾದದ್ದು ಮಣ್ಣು ಪರೀಕ್ಷೆ, ಕಂತು ಕಂತಾಗಿ ಗೊಬ್ಬರ ಕೊಡುವ ಸಲಹೆ. ಗುಂಡಿ ಎಂದಾದರೆ ಅದನ್ನು ಸರಿಪಡಿಸಲು ಅನುದಾನ. ಮೂಲ ತಿಳಿಯದೆ ರೈತನನ್ನು ದೂರುವುದು ಅನ್ಯಾಯ; ತಿಳಿಯುವ ದಾರಿ ಇದ್ದೂ ಹುಡುಕದಿರುವುದು ಆ ನೀರು ಕುಡಿಯುವ ಕೂಸಿಗೆ ಮಾಡುವ ಅನ್ಯಾಯ.