ಲ್ಯಾಬಿನ ಬೀಗ ತೆಗೆಸಿ, ಮಕ್ಕಳು ವೆಬ್ ಪುಟ ಕಟ್ಟಲಿ

ಕಾಲೇಜುಗಳ ಕಂಪ್ಯೂಟರ್ ಶಿಕ್ಷಣದ ಹೊಣೆ ಹೊತ್ತ ಅಧಿಕಾರಿಗಳು, ಪ್ರಾಂಶುಪಾಲರು ಮತ್ತು ಕಾಲೇಜು ಅಭಿವೃದ್ಧಿ ಸಮಿತಿಯವರಿಗೆ ಬಹಿರಂಗ ಪತ್ರ

ವಿಷಯ: ವೆಬ್ ಪುಟ ರಚನೆಯ ಪಾಠ ರೆಕಾರ್ಡ್ ಪುಸ್ತಕದಲ್ಲೇ ಮುಗಿದುಹೋಗುತ್ತಿರುವ ಬಗ್ಗೆ.

ಮಾನ್ಯರೇ,

ತಾಲ್ಲೂಕು ಕೇಂದ್ರವೊಂದರ ಬಸ್ ನಿಲ್ದಾಣದ ಎದುರು ನನ್ನದೊಂದು ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಹಾಕಿಕೊಡುವ ಅಂಗಡಿ ಇದೆ. ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂತೆಂದರೆ ಕಾಲೇಜು ಮಕ್ಕಳು ರೆಕಾರ್ಡ್ ಪುಸ್ತಕ ಹಿಡಿದು ಗುಂಪುಗುಂಪಾಗಿ ಬರುತ್ತಾರೆ. ಬಲಗಡೆಯ ಹಾಳೆಯಲ್ಲಿ ಎಚ್‌ಟಿಎಂಎಲ್ ಟ್ಯಾಗುಗಳನ್ನು ನೀಲಿ ಶಾಯಿಯಲ್ಲಿ ದುಂಡಗೆ ಬರೆದಿರುತ್ತಾರೆ. ಎಡಗಡೆಯ ಖಾಲಿ ಹಾಳೆ ಔಟ್‌ಪುಟ್‌ಗೆ ಮೀಸಲು. ಕೆಲವರು ಅಲ್ಲಿ ಸ್ಕೇಲ್ ಇಟ್ಟು ಪೆನ್ಸಿಲಿನಲ್ಲಿ ಬ್ರೌಸರ್ ವಿಂಡೋವನ್ನೇ ಬಿಡಿಸಿರುತ್ತಾರೆ, ಮೂಲೆಯಲ್ಲಿ ಕ್ಲೋಸ್ ಮಾಡುವ ಗುರುತಿನ ಸಮೇತ. ಉಳಿದವರು ವಾಟ್ಸ್‌ಆ್ಯಪಿನಲ್ಲಿ ಬಂದ ಒಂದೇ ಚಿತ್ರವನ್ನು ನನ್ನಲ್ಲಿ ಪ್ರಿಂಟ್ ತೆಗೆಸಿ ಅಂಟಿಸುತ್ತಾರೆ. ಇಡೀ ತರಗತಿಗೆ ಒಂದೇ ಟೈಮ್ ಟೇಬಲ್, ಒಂದೇ ಬಣ್ಣ. ಕೆಳಗೆ ಕೆಂಪು ಶಾಯಿಯ ಸಹಿ.

"ಇದನ್ನ ಕಂಪ್ಯೂಟರಲ್ಲಿ ಮಾಡಿ ನೋಡಿದೀಯೇನಮ್ಮ?" ಎಂದು ಒಬ್ಬ ಹುಡುಗಿಯನ್ನು ಕೇಳಿದೆ. "ಇಲ್ಲಣ್ಣ, ಲ್ಯಾಬಿಗೆ ಬೀಗ ಹಾಕಿರ್ತಾರೆ. ಬೋರ್ಡ್ ಮೇಲೆ ಬರೆಸಿದ್ರು" ಎಂದಳು. ಆ ವಿಷಯದಲ್ಲಿ ಅವಳಿಗೆ ಒಳ್ಳೆಯ ಅಂಕ ಬಂದೀತು. ಆದರೆ ತಾನು ಬರೆದ ಒಂದು ಸಾಲು ಪರದೆಯ ಮೇಲೆ ಮೂಡಿದ್ದನ್ನು ಅವಳು ಕಂಡೇ ಇಲ್ಲ. ನನ್ನ ದೂರು ಇದೇ.

ಬೀಗಕ್ಕೆ ಕಾರಣ ಕೇಳಿದರೆ ಸಿಗುವ ಉತ್ತರಗಳು ಗೊತ್ತಿರುವಂಥವೇ. ಇಂಟರ್ನೆಟ್ ಇಲ್ಲ, ಸಿಸ್ಟಂಗಳು ಹಳೆಯವು, ಯುಪಿಎಸ್ ಬ್ಯಾಟರಿ ಕೆಟ್ಟಿದೆ, ಏನಾದರೂ ಹಾಳಾದರೆ ಸ್ಟಾಕ್ ರಿಜಿಸ್ಟರಿಗೆ ಜವಾಬು ಹೇಳುವವರು ಯಾರು? ಬೇರೆ ಪಾಠಗಳಿಗೆ ಈ ಮಾತು ಒಪ್ಪೀತೇನೋ, ವೆಬ್ ಪುಟದ ಪಾಠಕ್ಕೆ ಒಪ್ಪುವುದಿಲ್ಲ. ಅದಕ್ಕೆ ಬೇಕಾದದ್ದು ನೋಟ್‌ಪ್ಯಾಡ್ ಮತ್ತು ಒಂದು ಬ್ರೌಸರ್. ಎರಡೂ ಕಂಪ್ಯೂಟರಿನ ಜೊತೆಗೇ ಬಂದಿರುತ್ತವೆ. ಬರೆದ ಫೈಲು ಅದೇ ಕಂಪ್ಯೂಟರಿನಲ್ಲಿರುತ್ತದೆ, ಅಲ್ಲೇ ತೆರೆಯುತ್ತದೆ. ಇಂಟರ್ನೆಟ್ ಬೇಡ, ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್ ಬೇಡ. ಟಿಮ್ ಬರ್ನರ್ಸ್-ಲೀ ರೂಪಿಸಿದ ವೆಬ್ ತಂತ್ರಜ್ಞಾನವನ್ನು ಯಾರು ಬೇಕಾದರೂ ಬಳಸಲಿ ಎಂದು ಸರ್ನ್ ಸಂಸ್ಥೆ 1993ರಲ್ಲೇ ಬಿಟ್ಟುಕೊಟ್ಟಿತು. ಜಗತ್ತಿಗೆ ಪುಕ್ಕಟೆ ಸಿಕ್ಕಿದ ವಿದ್ಯೆಗೆ ನಮ್ಮ ಊರಿನಲ್ಲಿ ಬೀಗ ಬಿದ್ದಿದೆ.

ಆ ಹುಡುಗಿಯನ್ನು ಅಂಗಡಿಯ ಹಳೆಯ ಸಿಸ್ಟಂ ಮುಂದೆ ಕೂರಿಸಿದೆ. ತನ್ನ ಊರಿನ ಸಂತೆಯ ಬಗ್ಗೆ ಕನ್ನಡದಲ್ಲಿ ಎರಡು ಸಾಲು ಬರೆದು ಸೇವ್ ಮಾಡಿದಳು. ಡಬಲ್ ಕ್ಲಿಕ್ ಮಾಡಿದರೆ ಮತ್ತೆ ನೋಟ್‌ಪ್ಯಾಡೇ ತೆರೆಯಿತು. ಹೆಸರಿನ ಕೊನೆಗೆ ಡಾಟ್ ಟಿಎಕ್ಸ್‌ಟಿ ತಾನಾಗಿ ಸೇರಿಕೊಂಡಿತ್ತು. ಸೇವ್ ಮಾಡುವಾಗ 'ಆಲ್ ಫೈಲ್ಸ್' ಆರಿಸಿ, ಹೆಸರಿನ ಕೊನೆಗೆ ಡಾಟ್ ಎಚ್‌ಟಿಎಂಎಲ್ ಎಂದು ಬರೆಯಬೇಕೆಂದು ತೋರಿಸಿದೆ. ಈಗ ಬ್ರೌಸರ್ ತೆರೆಯಿತು, ಆದರೆ ಕನ್ನಡ ಅಕ್ಷರಗಳಿದ್ದ ಕಡೆಯೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಹಳೆಯ ನೋಟ್‌ಪ್ಯಾಡ್ ಫೈಲನ್ನು ಆನ್ಸಿಯಲ್ಲಿ ಉಳಿಸುತ್ತದೆ, ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲ. ಸಾಲುಗಳನ್ನು ಮತ್ತೆ ಟೈಪ್ ಮಾಡಿ, ಯುಟಿಎಫ್-8 ಆರಿಸಿ ಸೇವ್ ಮಾಡಿ, ಹೆಡ್ ಭಾಗದಲ್ಲಿ ಅದೇ ಚಾರ್‌ಸೆಟ್ ಎಂದು ಮೆಟಾ ಟ್ಯಾಗಿನಲ್ಲಿ ಹೇಳಿದ ಮೇಲೆ ಸಂತೆಯ ಸಾಲುಗಳು ಸರಿಯಾಗಿ ಮೂಡಿದವು. "ಇದು ನಂದೇ ಪೇಜಾ ಅಣ್ಣ?" ಎಂದಳು. ಆಮೇಲೆ ನಾನು ಹೇಳುವುದಕ್ಕೆ ಮೊದಲೇ ಶೀರ್ಷಿಕೆ ಬದಲಿಸಿದಳು, ಪಟ್ಟಿ ಸೇರಿಸಿದಳು, ಒಂದು ಟ್ಯಾಗ್ ಮುಚ್ಚಲು ಮರೆತಳು, ಪುಟದ ಕೊನೆಯವರೆಗೂ ಅಕ್ಷರ ದಪ್ಪವಾದದ್ದನ್ನು ಕಂಡು ತಾನೇ ತಿದ್ದಿದಳು. ವೆಬ್ ಪುಟ ಕಲಿಯುವುದು ಹೀಗೆ: ಬರೆಯುವುದು, ಉಳಿಸುವುದು, ತೆರೆದು ನೋಡುವುದು, ತಿದ್ದುವುದು. ಮುಚ್ಚದ ಟ್ಯಾಗಿನಿಂದ ಏನಾಗುತ್ತದೆಂದು ಕಪ್ಪು ಹಲಗೆ ತೋರಿಸಲಾರದು.

ಬೋರ್ಡಿನ ಮೇಲೆ ಬರೆಸುವುದಾದರೂ ಈ ಕಾಲದ್ದೇ? ಮಕ್ಕಳ ನೋಟ್ಸಿನಲ್ಲಿ ಫಾಂಟ್, ಸೆಂಟರ್ ಟ್ಯಾಗುಗಳೇ ತುಂಬಿವೆ. ಇವನ್ನು ಕೈಬಿಡಿ ಎಂದು 1997ರ ಎಚ್‌ಟಿಎಂಎಲ್ 4 ಹೇಳಿತ್ತು, 2014ರ ಎಚ್‌ಟಿಎಂಎಲ್ 5 ಬಳಕೆಯಿಂದಲೇ ತೆಗೆದುಹಾಕಿತು. ಅಕ್ಷರ ಓಡಿಸುವ ಮಾರ್ಕೀ ಟ್ಯಾಗ್ ಅಂತೂ ಯಾವ ಕಾಲಕ್ಕೂ ಅಧಿಕೃತವಾಗಿರಲಿಲ್ಲ. ಪುಟದಲ್ಲಿ ಏನಿದೆ ಎಂಬುದನ್ನು ಎಚ್‌ಟಿಎಂಎಲ್ ಹೇಳಬೇಕು, ಅದು ಹೇಗೆ ಕಾಣಬೇಕು ಎಂಬುದನ್ನು ಸಿಎಸ್‌ಎಸ್ ಹೇಳಬೇಕು ಎಂಬ ಮೊದಲ ಪಾಠವೇ ಮಕ್ಕಳಿಗೆ ತಲುಪಿಲ್ಲ. ಚಿತ್ರ ಹಾಕಿದರೆ ಜೊತೆಗೆ ಆಲ್ಟ್ ವಿವರಣೆ ಬರೆಯಬೇಕು, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಅದನ್ನೇ ಓದಿ ಹೇಳುತ್ತದೆ ಎಂಬುದೂ ಅವರಿಗೆ ಗೊತ್ತಿಲ್ಲ.

ಕನ್ನಡದ ಮಾತು ಇನ್ನೂ ನೋವಿನದು. ಯುನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಇಂದಿಗೂ ಮಕ್ಕಳು ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ಪುಟಕ್ಕೆ ಅಂಟಿಸಿ, ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ರಾಶಿ ಕಂಡು, ಕನ್ನಡದಲ್ಲಿ ವೆಬ್ ಪುಟ ಆಗುವುದೇ ಇಲ್ಲ ಎಂದು ನಂಬಿಬಿಡುತ್ತಾರೆ. ಯಂತ್ರದ ತಪ್ಪಲ್ಲ, ಹೇಳಿಕೊಡದವರ ತಪ್ಪು.

ಕಲಿಯಲೇಬೇಕೆಂದು ಹಟ ಹಿಡಿದ ಮಕ್ಕಳು ಜಿಲ್ಲಾ ಕೇಂದ್ರದ ಖಾಸಗಿ ತರಬೇತಿಗೆ ಬಸ್ ಹತ್ತುತ್ತಾರೆ. ಕಾಲೇಜಿನಲ್ಲೇ ಸಿಗಬೇಕಾದ ವಿದ್ಯೆಗೆ ಕೂಲಿ ಮಾಡುವ ತಂದೆತಾಯಿ ಎರಡನೇ ಸಲ ಫೀಸು ಕಟ್ಟುತ್ತಾರೆ. ಕಟ್ಟಲಾಗದವರ ಮಕ್ಕಳು, ಅದರಲ್ಲೂ ಸಂಜೆಯೊಳಗೆ ಮನೆ ಸೇರಬೇಕಾದ ಹೆಣ್ಣುಮಕ್ಕಳು, ಕಲಿಯದೇ ಉಳಿಯುತ್ತಾರೆ.

ಆದ್ದರಿಂದ ನನ್ನ ಬೇಡಿಕೆಗಳು:

1. ವೇಳಾಪಟ್ಟಿಯಲ್ಲಿರುವ ಲ್ಯಾಬ್ ಅವಧಿಗೆ ಲ್ಯಾಬ್ ತೆರೆದೇ ಇರಲಿ. ಒಂದು ಸಿಸ್ಟಂಗೆ ಇಬ್ಬರು ಮೂವರಾದರೂ ಸರಿ, ಪ್ರತಿಯೊಬ್ಬರ ಕೈಗೂ ಕೀಬೋರ್ಡ್ ಸಿಗಲಿ.

2. ಬಳಕೆಯಿಂದ ಹೋದ ಟ್ಯಾಗುಗಳನ್ನು ಪಾಠದಿಂದ ತೆಗೆಯಿರಿ. ಸಿಎಸ್‌ಎಸ್, ಆಲ್ಟ್ ವಿವರಣೆ, ಯುನಿಕೋಡ್ ಕನ್ನಡ ಮೊದಲ ವಾರದಿಂದಲೇ ಬರಲಿ.

3. ಪ್ರಾಯೋಗಿಕ ಪರೀಕ್ಷೆಯಲ್ಲಿ ಪ್ರತಿ ವಿದ್ಯಾರ್ಥಿಯೂ ತನ್ನದೇ ವಿಷಯದ ಪುಟವೊಂದನ್ನು ಪರೀಕ್ಷಕರ ಮುಂದೆ ಕಟ್ಟಿ, ಬ್ರೌಸರಿನಲ್ಲಿ ತೆರೆದು ತೋರಿಸಲಿ. ಅಂಟಿಸಿದ ಪ್ರಿಂಟಿಗೆ ಅಂಕ ಬೇಡ.

4. ಕಂಪ್ಯೂಟರ್ ಇರುವ ಗ್ರಾಮ ಪಂಚಾಯಿತಿ ಅರಿವು ಕೇಂದ್ರಗಳಲ್ಲಿ ರಜೆಯ ದಿನಗಳಲ್ಲಿ ಮಕ್ಕಳಿಗೆ ಅಭ್ಯಾಸಕ್ಕೆ ಅವಕಾಶ ಮಾಡಿಕೊಡಿ.

ನನ್ನ ಅಂಗಡಿಯ ಒಂದು ಸಿಸ್ಟಂ ಸಂಜೆ ಹೊತ್ತು ಈ ಮಕ್ಕಳಿಗೆ ಬಿಟ್ಟಿದ್ದೇನೆ, ಮುಂದೆಯೂ ಬಿಡುತ್ತೇನೆ. ಆದರೆ ಕಾಲೇಜು ಮಾಡಬೇಕಾದ ಕೆಲಸವನ್ನು ಜೆರಾಕ್ಸ್ ಅಂಗಡಿ ತೂಗಿಸಲಾರದು. ನಿಮ್ಮ ವ್ಯಾಪ್ತಿಯ ಎಷ್ಟು ಲ್ಯಾಬುಗಳಲ್ಲಿ ಮಕ್ಕಳು ನಿಜವಾಗಿ ಕೂರುತ್ತಿದ್ದಾರೆ ಎಂಬುದನ್ನು ಖುದ್ದಾಗಿ ಹೋಗಿ ನೋಡಿ, ಬರುವ ಪ್ರಾಯೋಗಿಕ ಪರೀಕ್ಷೆಗೆ ಮೊದಲು ಪೋಷಕರ ಸಭೆಯಲ್ಲಿ ಅದರ ಲೆಕ್ಕ ಕೊಡಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಜೆರಾಕ್ಸ್ ಅಂಗಡಿಯ ಮಾಲೀಕ