ದಸರೆಯ ಹತ್ತು ರಾತ್ರಿಗಳೂ ಹೋಟೆಲುಗಳ ಲೆಕ್ಕವೂ

ಪ್ರತಿವರ್ಷವೂ ನವರಾತ್ರಿಯು ಸಮೀಪಿಸುತ್ತಿರುವಂತೆಯೇ ನಮ್ಮ ಮೈಸೂರಿನಲ್ಲಿ ಒಂದು ಕೂಗು ಏಳುವುದುಂಟು. ಊರಿನಲ್ಲಿ ಕೊಠಡಿಗಳು ಸಾಲವು. ಬಂದವರಿಗೆ ತಂಗಲು ಸ್ಥಳವಿಲ್ಲ. ಇನ್ನೂ ಹೋಟೆಲುಗಳನ್ನು ಕಟ್ಟಬೇಕು. ಕಟ್ಟುವವರಿಗೆ ಸರ್ಕಾರವು ಭೂಮಿಯನ್ನೂ ರಿಯಾಯಿತಿಯನ್ನೂ ಕೊಡಬೇಕು ಎಂಬುದೇ ಆ ಕೂಗು. ವಿಜಯದಶಮಿಯ ಮೆರವಣಿಗೆ ಬನ್ನಿಮಂಟಪವನ್ನು ಮುಟ್ಟಿ, ಪಂಜುಗಳು ಆರಿದ ಮೇಲೆ ಕೂಗೂ ಅಡಗುತ್ತದೆ. ಮರುವರ್ಷ ಮತ್ತೆ ಏಳುತ್ತದೆ. ಇದರಲ್ಲಿ ಸತ್ಯಾಂಶವೆಷ್ಟು, ಭ್ರಾಂತಿಯೆಷ್ಟು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ನಾನು ವರ್ತಕನಲ್ಲ, ಅರ್ಥಶಾಸ್ತ್ರದ ಪದವೀಧರನೂ ಅಲ್ಲ. ಆದರೆ ಬಹುಕಾಲ ಮಕ್ಕಳಿಗೆ ತ್ರೈರಾಶಿಕವನ್ನು ಹೇಳಿಕೊಟ್ಟವನು. ಇಲ್ಲಿ ಬೇಕಾಗಿರುವುದೂ ಅಷ್ಟೇ ಲೆಕ್ಕ.

ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿಯೇ ಹೇಳತಕ್ಕದ್ದು. ದಸರೆಯ ದಿನಗಳಲ್ಲಿ, ಅದರಲ್ಲಿಯೂ ಕಡೆಯ ಮೂರು ನಾಲ್ಕು ದಿನಗಳಲ್ಲಿ, ಊರಿನ ಒಳ್ಳೆಯ ಕೊಠಡಿಗಳು ತುಂಬಿಹೋಗುವುದು ನಿಜ. ವೃದ್ಧರನ್ನೂ ಕೂಸುಗಳನ್ನೂ ಕಟ್ಟಿಕೊಂಡು ಬಂದವರು ಬಸ್ ನಿಲ್ದಾಣದ ಕಲ್ಲುಬೆಂಚುಗಳ ಮೇಲೆ ಬೆಳಗುಮಾಡುವುದನ್ನು ನಾನೂ ನೋಡಿದ್ದೇನೆ. ಇದು ಊರಿಗೆ ಗೌರವವನ್ನು ತರುವ ನೋಟವಲ್ಲ. ಆದಕಾರಣ ಕೊಠಡಿಗಳು ಕಡಿಮೆಯೆಂದು ಹೇಳುವವರು ಸುಳ್ಳು ಹೇಳುತ್ತಿರುವರೆಂದು ನನ್ನ ಅಭಿಪ್ರಾಯವಲ್ಲ. ಹತ್ತು ದಿನಗಳ ಸತ್ಯವನ್ನು ಅವರು ಇಡೀ ವರ್ಷದ ಸತ್ಯವನ್ನಾಗಿ ಮಾಡುತ್ತಾರೆಂಬುದೇ ನನ್ನ ಆಕ್ಷೇಪ.

ಲೆಕ್ಕವನ್ನು ನೋಡೋಣ. ಮೂವತ್ತು ಕೊಠಡಿಗಳುಳ್ಳ ಒಂದು ವಸತಿಗೃಹವಿದೆಯೆಂದು ಇಟ್ಟುಕೊಳ್ಳಿ. ವರ್ಷಕ್ಕೆ 365 ರಾತ್ರಿಗಳು. ಆದುದರಿಂದ ಆ ಗೃಹಸ್ಥನು ಮಾರಬೇಕಾದದ್ದು 10,950 ಕೊಠಡಿ-ರಾತ್ರಿಗಳು. ದಸರೆಯ ಹತ್ತು ರಾತ್ರಿಯೂ ಒಂದು ಕೊಠಡಿಯಾದರೂ ಖಾಲಿ ಉಳಿಯಲಿಲ್ಲವೆಂದೇ ಭಾವಿಸಿದರೂ ಮಾರಾಟವಾದದ್ದು 300. ಅಂದರೆ ನೂರಕ್ಕೆ ಮೂರು ಕೂಡ ಅಲ್ಲ. 2025ರಲ್ಲಿ ತಿಥಿಯ ವೃದ್ಧಿಯಿಂದ ದಸರೆಯು ಹನ್ನೊಂದು ದಿನ ನಡೆಯಿತು. ಆ ಒಂದು ದಿನವನ್ನು ಸೇರಿಸಿದರೆ ನೂರಕ್ಕೆ ಮೂರರ ಗಡಿಯನ್ನು ಹೇಗೋ ಮುಟ್ಟಿತು. ಉಳಿದ ತೊಂಬತ್ತೇಳು ಪಾಲನ್ನು ಕೊಳ್ಳುವವರು ಯಾರು? ಈ ಪ್ರಶ್ನೆಗೆ ಉತ್ತರ ಹೇಳದೆ ಹೊಸ ಕಟ್ಟಡಕ್ಕೆ ಅಸ್ತಿವಾರ ತೋಡುವುದು ಮದುವೆಯ ಒಂದು ದಿನದ ಊಟಕ್ಕಾಗಿ ನೂರು ಮಂದಿಯ ಅಡಿಗೆಮನೆಯನ್ನು ಇಬ್ಬರಿರುವ ಸಂಸಾರವು ಕಟ್ಟಿಸಿಕೊಂಡಂತೆ.

ಕೊಠಡಿಯೆಂಬ ಸರಕಿಗೆ ಇನ್ನೊಂದು ಸ್ವಭಾವವುಂಟು. ಭತ್ತವು ಈ ತಿಂಗಳು ಮಾರಾಟವಾಗದಿದ್ದರೆ ಕಣಜದಲ್ಲಿರುತ್ತದೆ. ರೇಷ್ಮೆಯ ಸೀರೆಯು ಬೀರುವಿನಲ್ಲಿರುತ್ತದೆ. ಕೊಠಡಿಯ ರಾತ್ರಿಯಾದರೋ ನಮ್ಮ ಮೈಸೂರು ಮಲ್ಲಿಗೆಯ ಜಾತಿಗೆ ಸೇರಿದ್ದು. ದೇವರಾಜ ಮಾರುಕಟ್ಟೆಯಲ್ಲಿ ಈ ಸಂಜೆ ಮಾರಾಟವಾಗದ ಮೊಳವನ್ನು ನಾಳೆ ಮುಡಿಯುವವರಿಲ್ಲ. ಫಾಲ್ಗುಣದಲ್ಲಿ ಖಾಲಿ ಬಿದ್ದ ರಾತ್ರಿಯನ್ನು ತೆಗೆದಿಟ್ಟು ಆಶ್ವಯುಜದಲ್ಲಿ ಮಾರಲಾಗದು. ಆದರೆ ಸಾಲದ ಬಡ್ಡಿ, ನೌಕರರ ಸಂಬಳ, ನೀರು, ದೀಪ ಇವುಗಳ ವೆಚ್ಚವು ಕೊಠಡಿ ತುಂಬಿದ್ದರೂ ಖಾಲಿಯಿದ್ದರೂ ಬಹುಮಟ್ಟಿಗೆ ಒಂದೇ. ಸರಬರಾಯಿಯನ್ನು ಹೆಚ್ಚಿಸುವವರು ಈ ಹೊರೆಯನ್ನೂ ಹೆಚ್ಚಿಸುತ್ತಾರೆಂಬುದನ್ನು ಮರೆಯಬಾರದು.

ಇದಕ್ಕೆ ಒಂದು ಸಮಾಧಾನವನ್ನು ಹೇಳುವವರಿದ್ದಾರೆ: ಮೈಸೂರಿಗೆ ಬರುವ ಜನರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ, ಅರಮನೆಯ ಬಾಗಿಲಿನಲ್ಲಿ, ಮೃಗಾಲಯದ ಬಾಗಿಲಿನಲ್ಲಿ ಟಿಕೆಟುಗಳ ಲೆಕ್ಕವನ್ನು ನೋಡಿಕೊಳ್ಳಿ ಎಂದು. ಈ ವಾದದಲ್ಲಿರುವುದು ಸ್ಪಷ್ಟವಾದ ಹೇತ್ವಾಭಾಸ. ಟಿಕೆಟು ಕೊಂಡವನು ಬಂದನೆಂಬುದು ಸಿದ್ಧವಾಯಿತು; ಮಲಗಿದನೆಂಬುದು ಸಿದ್ಧವಾಗಲಿಲ್ಲ. ಮೈಸೂರು-ಬೆಂಗಳೂರು ಹೊಸ ಹೆದ್ದಾರಿಯು 2023ರ ಮಾರ್ಚ್ ತಿಂಗಳಲ್ಲಿ ಉದ್ಘಾಟನೆಯಾಯಿತು. ಮೊದಲು ಮೂರು ಗಂಟೆ ಹಿಡಿಯುತ್ತಿದ್ದ ದಾರಿಯು ಈಗ ಒಂದೂವರೆ ಗಂಟೆಯ ಸುಮಾರಿಗೆ ಇಳಿದಿದೆ. ಬೆಂಗಳೂರಿನ ಗೃಹಸ್ಥನು ಬೆಳಗಿನ ಕಾಫಿಯನ್ನು ತನ್ನ ಮನೆಯಲ್ಲಿ ಕುಡಿದು, ಮೃಗಾಲಯ, ಅರಮನೆ, ಚಾಮುಂಡಿಬೆಟ್ಟಗಳನ್ನು ಮುಗಿಸಿ, ಸಂಜೆ ಬೃಂದಾವನದ ಕಾರಂಜಿಗಳನ್ನು ನೋಡಿ, ರಾತ್ರಿಯ ನಿದ್ರೆಗೆ ಮನೆಗೇ ಹೋಗಬಲ್ಲನು. ಆಷಾಢ ಶುಕ್ರವಾರಗಳಲ್ಲಿ ಬೆಟ್ಟಕ್ಕೆ ಬರುವ ಭಕ್ತಸಮೂಹವನ್ನು ನೋಡಿರಿ. ದರ್ಶನವಾಯಿತು, ಪ್ರಸಾದವಾಯಿತು, ಬಸ್ಸು ಹತ್ತಿದರು. ಉದಕಮಂಡಲಕ್ಕೆ ಹೋಗುವವರಿಗೂ ನಮ್ಮೂರು ದಾರಿಯ ಮೇಲಿನ ಒಂದು ತಂಗುದಾಣ ಮಾತ್ರ. ಬಂಡೀಪುರದ ಕಾಡಿನಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನಸಂಚಾರವನ್ನು ನಿಲ್ಲಿಸಿರುವುದರಿಂದ ಅವರಲ್ಲಿ ಹೊತ್ತಾದ ಕೆಲವರು ಇಲ್ಲಿ ಉಳಿಯುತ್ತಾರೆ. ಕಾಡಾನೆಗಳ ಉಪಕಾರದಿಂದ ತುಂಬುವ ಕೊಠಡಿಗಳನ್ನು ನಮ್ಮ ಊರಿನ ಆಕರ್ಷಣೆಯ ಖಾತೆಗೆ ಬರೆದುಕೊಳ್ಳಲಾಗದು. ರಸ್ತೆ ಒಳ್ಳೆಯದಾದಷ್ಟೂ ಬರುವವರು ಹೆಚ್ಚಿ, ಉಳಿಯುವವರು ಕಡಿಮೆಯಾಗಬಹುದೆಂಬ ಈ ಸೂಕ್ಷ್ಮವನ್ನು ಕಟ್ಟುವವರು ಗಮನಿಸಿಲ್ಲ.

ಹೊಸ ಹೋಟೆಲು ಹೊಸ ಅತಿಥಿಗಳನ್ನು ತಾನೇ ಕರೆದುತರುವುದೆಂಬುದು ಮತ್ತೊಂದು ವಾದ. ಮಂಚವನ್ನು ನೋಡಲು ಯಾರೂ ಊರು ಬಿಟ್ಟು ಬರುವುದಿಲ್ಲ. ವೈಸರಾಯರಿಗಾಗಿ 1921ರಲ್ಲಿ ಕಟ್ಟಿಸಿದ ಲಲಿತಮಹಲು 1974ರಲ್ಲಿ ಹೋಟೆಲಾಯಿತು. ಅಂಥ ಅರಮನೆಯಲ್ಲಿಯೇ ಮಲಗಬೇಕೆಂದು ಬಂದವರು ಕೆಲವರಿರಬಹುದು. ಆದರೆ ಅದು ಅಪವಾದ. ಸಾಮಾನ್ಯವಾದ ಗಾಜಿನ ಕಟ್ಟಡಕ್ಕೆ ಆ ಭಾಗ್ಯವಿಲ್ಲ. ಬೇಡಿಕೆ ಬೆಳೆಯದೆ ಕೊಠಡಿಗಳು ಬೆಳೆದರೆ ಇದ್ದ ಅತಿಥಿಗಳನ್ನೇ ಹಂಚಿಕೊಳ್ಳಬೇಕು. ಆಗ ಮೊದಲು ಬೀಳುವವನು ದೊಡ್ಡ ಬಂಡವಾಳಗಾರನಲ್ಲ. ಅವನಿಗೆ ಬೇರೆ ಊರುಗಳಲ್ಲಿ ಲಾಭವಿದೆ. ಬೀಳುವವನು ಮೂವತ್ತು ಕೊಠಡಿಗಳ ಹಳೆಯ ಗೃಹಸ್ಥನು. ಅವನೊಡನೆ ನೆಲ ಒರೆಸುವ ಹೆಂಗಸೂ, ಮೆಟ್ಟಲ ಕೆಳಗೆ ಮಲಗುವ ಹುಡುಗನೂ. 2020ರ ಮಾರ್ಚ್‌ನಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಆ ವರ್ಷವೂ 2021ರಲ್ಲಿಯೂ ಜಂಬೂಸವಾರಿಯು ಅರಮನೆಯ ಆವರಣವನ್ನು ದಾಟಲಿಲ್ಲ. ಬೇಡಿಕೆಯಿಲ್ಲದ ಕೊಠಡಿಯೆಂದರೇನೆಂಬುದನ್ನು ಆಗ ಊರೆಲ್ಲ ಕಂಡಿತು. ಸಾಲವಿಲ್ಲದವನು ಹೇಗೋ ಉಸಿರು ಹಿಡಿದನು. ಕೆಲಸಗಾರನು ಗಂಟುಕಟ್ಟಿಕೊಂಡು ತನ್ನ ಹಳ್ಳಿಗೆ ನಡೆದನು. ಆ ಪಾಠವನ್ನು ಇಷ್ಟು ಬೇಗ ಮರೆಯಬಾರದಾಗಿತ್ತು.

ಇನ್ನು ದರದ ಮಾತು. ಎರಡು ವರ್ಷಗಳ ಹಿಂದೆ, ನನ್ನಲ್ಲಿ ಓದಿ ಈಗ ಕಲಬುರಗಿಯ ಕಡೆ ಉಪಾಧ್ಯಾಯನಾಗಿರುವ ಒಬ್ಬನು, ತಾಯಿಯನ್ನೂ ಹೆಂಡತಿಮಕ್ಕಳನ್ನೂ ಕರೆದುಕೊಂಡು ಜಂಬೂಸವಾರಿ ನೋಡಲು ಬಂದನು. ಒಂದು ವಸತಿಗೃಹದಲ್ಲಿ ಟೆಲಿಫೋನಿನ ಮೂಲಕ ಕೊಠಡಿಯನ್ನು ಗೊತ್ತುಮಾಡಿಕೊಂಡಿದ್ದನು. ಬಂದು ನಿಂತಾಗ ಒಪ್ಪಿದ್ದ ದರದ ಮೂರರಷ್ಟನ್ನು ಕೇಳಿದರು, ಕೊಡದಿದ್ದರೆ ಕೊಠಡಿಯಿಲ್ಲವೆಂದರು. ರಾತ್ರಿ ಹತ್ತು ಗಂಟೆಗೆ ನನ್ನ ಮನೆಯ ಬಾಗಿಲು ತಟ್ಟಿ, "ಮೇಷ್ಟ್ರೇ, ನಿಮಗೆ ತೊಂದರೆ ಕೊಡಬಾರದೂಂತಲೇ ಅಲ್ಲಿ ಗೊತ್ತು ಮಾಡಿದ್ದೆ" ಎಂದು ತಲೆ ತಗ್ಗಿಸಿ ನಿಂತನು. ತಪ್ಪು ಮಾಡಿದವರು ಬೇರೆ, ನಾಚಿಕೊಂಡವನು ಇವನು. ಅವನ ವೃದ್ಧಮಾತೆಯು ನಮ್ಮ ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದರು. ಮುಂದಿನ ಫಾಲ್ಗುಣದಲ್ಲಿ, ಪರೀಕ್ಷೆಯ ಕಾಲದಲ್ಲಿ, ಬೇರೊಂದು ಕೆಲಸಕ್ಕಾಗಿ ಅದೇ ಗೃಹಕ್ಕೆ ಹೋಗಬೇಕಾಯಿತು. ಹಲಗೆಯ ಮೇಲೆ ಬೀಗದಕೈಗಳು ಸಾಲುಸಾಲಾಗಿ ತೂಗುತ್ತಿದ್ದವು. ತೆಗೆದಿದ್ದ ಮೊಳೆಗಳು ನಾಲ್ಕೋ ಐದೋ. ಅತಿಥಿಯನ್ನು ದೇವರೆಂದು ಭಾವಿಸಬೇಕೆಂಬ ಶ್ರುತಿಯ ಮಾತು ಅದರ ಮೇಲ್ಗಡೆಯೇ ಚಿನ್ನದ ಬಣ್ಣದಲ್ಲಿ ಹೊಳೆಯುತ್ತಿತ್ತು. ನನ್ನ ಶಿಷ್ಯನು ಈ ಜನ್ಮದಲ್ಲಿ ಮತ್ತೆ ಅಲ್ಲಿಗೆ ಹೋಗುವನೆ? ತನ್ನ ಊರಿನಲ್ಲಿ ಹತ್ತು ಜನರಿಗೆ ಆ ಕಥೆಯನ್ನು ಹೇಳದಿರುವನೆ? ಆಶ್ವಯುಜದಲ್ಲಿ ಸುಲಿದವನಿಗೆ ಫಾಲ್ಗುಣದಲ್ಲಿ ಬೀಗದಕೈಗಳು ತೂಗುವುದು ಕರ್ಮಫಲವೇ ಸರಿ.

ಬೇಡಿಕೆ ಹೆಚ್ಚಿದಾಗ ಬೆಲೆಯೇರುವುದು ಸಹಜವೆಂದು ಅವರು ಹೇಳುವರು. ಸ್ವಲ್ಪ ಏರಲಿ, ವರ್ಷದ ನಷ್ಟವನ್ನು ತುಂಬಿಕೊಳ್ಳುವ ಹಕ್ಕು ವರ್ತಕನಿಗುಂಟು. ಆದರೆ ಈ ಬೇಡಿಕೆಯನ್ನು ಹುಟ್ಟಿಸಿದವನು ಅವನಲ್ಲ. ದೀಪಗಳನ್ನು ಹಚ್ಚುವುದು, ಆನೆಗಳನ್ನು ಸಾಕಿ ತರುವುದು, ಸಂಗೀತಗಾರರನ್ನು ಕರೆಯಿಸುವುದು, ಬೀದಿಗಳನ್ನು ಗುಡಿಸುವುದು ಇವೆಲ್ಲ ಪ್ರಜೆಗಳ ಹಣದಿಂದ ನಡೆಯುವ ನಾಡಹಬ್ಬದ ಕಾರ್ಯಗಳು. ಪ್ರಜೆಗಳ ಹಣದಿಂದ ಬಂದ ಗಿರಾಕಿಯಲ್ಲಿ ಪ್ರಜೆಗಳಿಗೂ ಒಂದು ಮಾತಿನ ಅಧಿಕಾರವಿದೆ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯೋಲೆಯು 1905ರಲ್ಲಿ ಬೆಳಕಿಗೆ ಬಂದದ್ದು ನಮ್ಮ ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ, ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಮುದ್ರಿಸಿ ಲೋಕಕ್ಕೆ ಕೊಟ್ಟರು. ಆ ಗ್ರಂಥದಲ್ಲಿ ಸ್ವದೇಶದ ಸರಕಿಗೆ ನೂರಕ್ಕೆ ಐದು, ಪರದೇಶದ ಸರಕಿಗೆ ನೂರಕ್ಕೆ ಹತ್ತು ಲಾಭವೆಂಬ ನಿಯಮವುಂಟು. ಪ್ರಜೆಗಳಿಗೆ ಪೀಡೆಯಾಗುವ ಲಾಭವನ್ನು, ಅದು ಎಷ್ಟೇ ದೊಡ್ಡದಾಗಿದ್ದರೂ, ರಾಜನು ಬಿಡಬೇಕೆಂಬ ಅಭಿಪ್ರಾಯವೂ ಉಂಟು. ಸನ್ಯಾಸಿಯಲ್ಲ, ಕಠೋರ ರಾಜನೀತಿಜ್ಞನು ಹೇಳಿದ ಮಾತಿದು. ಅಂಥ ಗ್ರಂಥವನ್ನು ಲೋಕಕ್ಕೆ ಕೊಟ್ಟ ಊರಿನಲ್ಲಿ ಒಪ್ಪಿದ ದರಕ್ಕೆ ಬೆಲೆಯಿಲ್ಲದಂತಾಯಿತು. ತೆರಿಗೆಯ ಭಾರವೆಂಬ ನೆಪವೂ ಈಗ ದುರ್ಬಲ: 2022ರ ಜುಲೈವರೆಗೆ ತೆರಿಗೆಯಿಲ್ಲದಿದ್ದ 1,000 ರೂಪಾಯಿಯೊಳಗಿನ ಕೊಠಡಿಗೆ ಆಮೇಲೆ ನೂರಕ್ಕೆ 12 ಬಿದ್ದಿತ್ತು ನಿಜ, 2025ರ ಸೆಪ್ಟೆಂಬರಿನಲ್ಲಿ 7,500 ರೂಪಾಯಿವರೆಗಿನ ಕೊಠಡಿಗಳಿಗೆ ಅದು 5ಕ್ಕೆ ಇಳಿದಿದೆ.

ಹಾಗಾದರೆ ಸಿದ್ಧಾಂತವೇನು? ಹತ್ತು ದಿನಗಳ ಕಷ್ಟಕ್ಕೆ ಹತ್ತು ದಿನಗಳ ಪರಿಹಾರ ಬೇಕು. ವರ್ಷದ ಕಷ್ಟಕ್ಕೆ ವರ್ಷದ ಪರಿಹಾರ ಬೇಕು. ಒಂದರ ಔಷಧವನ್ನು ಇನ್ನೊಂದಕ್ಕೆ ಕುಡಿಸಬಾರದು.

ಹತ್ತು ದಿನಗಳ ಪರಿಹಾರವು ನಮ್ಮ ಕಣ್ಣಮುಂದೆಯೇ ಇದೆ. ದಸರೆಯೆಂದರೆ ಪಾಠಶಾಲೆಗಳಿಗೆ ರಜ. ಊರು ಕಿಕ್ಕಿರಿದಿರುವ ಆ ದಿನಗಳಲ್ಲಿಯೇ ವಿದ್ಯಾರ್ಥಿನಿಲಯಗಳು ಬರಿದಾಗಿರುತ್ತವೆ. ನವರಾತ್ರಿಯಲ್ಲಿ ವಿವಾಹಗಳು ವಿರಳವಾದುದರಿಂದ ಕಲ್ಯಾಣಮಂಟಪಗಳೂ ಬಹುಮಟ್ಟಿಗೆ ಖಾಲಿ. ಕಟ್ಟಿದ ಗೋಡೆ, ಹಾಕಿದ ಮಂಚ, ಬರುವ ನೀರು ಎಲ್ಲವೂ ಇವೆ; ಬೇಕಾಗಿರುವುದು ಒಬ್ಬ ಮೇಲ್ವಿಚಾರಕ, ಮಿತವಾದ ಒಂದು ದರ, ಹೆಸರು ಬರೆದುಕೊಳ್ಳುವ ಒಂದು ಪುಸ್ತಕ. ಹಿಂದಿನವರು ಛತ್ರಗಳನ್ನು ಕಟ್ಟಿಸಿದ್ದು ಇದಕ್ಕಾಗಿಯೇ. ಊರ ನಡುವಿನ ನಂಜರಾಜ ಬಹದ್ದೂರ್ ಛತ್ರದಲ್ಲಿ ಇಂದು ಮೇಳಗಳೂ ಮಾರಾಟಗಳೂ ನಡೆಯುತ್ತವೆ. ಛತ್ರವೆಂಬ ಹೆಸರಾದರೂ ಉಳಿದಿದೆ. ಆ ಹೆಸರಿನ ಅರ್ಥವನ್ನು ವರ್ಷಕ್ಕೆ ಹತ್ತು ದಿನವಾದರೂ ನೆನಪಿಗೆ ತಂದುಕೊಳ್ಳಬಾರದೆ? ಇದರೊಡನೆ, ಪ್ರತಿಯೊಂದು ವಸತಿಗೃಹವೂ ದಸರೆಯ ದರವನ್ನು ಮಹಾಲಯ ಅಮಾವಾಸ್ಯೆಗೆ ಮೊದಲೇ ಪ್ರಕಟಿಸಿ, ಪ್ರಕಟಿಸಿದ ಮೇಲೆ ಬದಲಾಯಿಸದಂತೆ ಕಟ್ಟುಪಾಡಾಗಬೇಕು.

ವರ್ಷದ ಪರಿಹಾರವೆಂದರೆ ಎರಡನೆಯ ರಾತ್ರಿ. ಒಂದು ರಾತ್ರಿ ಉಳಿಯುವವನು ಎರಡು ರಾತ್ರಿ ಉಳಿದರೆ ಹೊಸ ಅತಿಥಿಯೊಬ್ಬನೂ ಬಾರದೆಯೇ ಬೇಡಿಕೆಯು ಇಮ್ಮಡಿಯಾಯಿತು. ಒಂದು ಇಟ್ಟಿಗೆಯನ್ನೂ ಇಡಬೇಕಾಗಿಲ್ಲ. ಉಳಿಯಲು ಕಾರಣಗಳಿಲ್ಲವೆ? ಸೋಮನಾಥಪುರದ ಕೇಶವಾಲಯವು 2023ರಲ್ಲಿ ಬೇಲೂರು ಹಳೇಬೀಡುಗಳೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ರಂಗನತಿಟ್ಟಿನ ಪಕ್ಷಿಧಾಮವಿದೆ; ಶ್ರೀರಂಗಪಟ್ಟಣ, ನಂಜನಗೂಡು, ಮೇಲುಕೋಟೆ, ತಲಕಾಡುಗಳಿವೆ; ಊರೊಳಗೆ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರಗಳಿವೆ. ಇವನ್ನೆಲ್ಲ ಒಂದೇ ಹಗಲಿನಲ್ಲಿ ನೋಡಲು ಯಾರಿಂದಲೂ ಆಗದು. ಆದರೆ ಬಂದವನಿಗೆ ಇವುಗಳನ್ನು ಹೇಳುವವರಿಲ್ಲ, ಸಕಾಲದಲ್ಲಿ ಕರೆದೊಯ್ಯುವ ವಾಹನವಿಲ್ಲ, ಸಂಜೆ ಕುಳಿತು ಕೇಳಲು ವಾರದ ದಿನಗಳಲ್ಲಿ ನಿಶ್ಚಿತವಾದ ಕಚೇರಿಯಿಲ್ಲ. ದಸರೆಯ ಹತ್ತು ದಿನಗಳಲ್ಲಿ ರಾಶಿಹಾಕುವ ಸಂಗೀತದಲ್ಲಿ ಒಂದು ಪಾಲನ್ನು ತೆಗೆದು ಫಾಲ್ಗುಣಕ್ಕೂ ಶ್ರಾವಣಕ್ಕೂ ಹಂಚಿದರೆ ನಷ್ಟವೇನು? ಗೋಕುಲದ ಬೀದಿಗಳಲ್ಲಿ ಪರದೇಶದ ಯೋಗಾಭ್ಯಾಸಿಗಳು ತಿಂಗಳುಗಟ್ಟಲೆ ಮನೆ ಹಿಡಿದು ಇರುವುದನ್ನು ನಾವು ದಿನವೂ ನೋಡುತ್ತಿದ್ದೇವೆ. ಅವರನ್ನು ಹಿಡಿದಿಟ್ಟದ್ದು ಹಂಸತೂಲಿಕಾತಲ್ಪವಲ್ಲ. 1930ರ ದಶಕದಲ್ಲಿ ಟಿ. ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಬಿತ್ತಿದ ವಿದ್ಯೆ. ದೀಪವನ್ನು ನೋಡಲು ಬಂದವನು ಒಂದು ಗಂಟೆ ಇರುತ್ತಾನೆ. ವಿದ್ಯೆಗಾಗಿ ಬಂದವನು ಒಂದು ಋತು ಇರುತ್ತಾನೆ.

ಇವೆರಡಕ್ಕಿಂತಲೂ ಮೊದಲು ಆಗಬೇಕಾದ ಕೆಲಸವೊಂದಿದೆ. ಊರಿನ ಕೊಠಡಿಗಳೆಷ್ಟು, ಹನ್ನೆರಡು ತಿಂಗಳುಗಳಲ್ಲಿ ತುಂಬಿದುವೆಷ್ಟು ಎಂಬ ಲೆಕ್ಕವು ತಿಂಗಳುತಿಂಗಳೂ ಎಲ್ಲರಿಗೂ ಕಾಣುವಂತೆ ಪ್ರಕಟವಾಗಬೇಕು. ಆ ಲೆಕ್ಕವನ್ನು ನೋಡಿದ ಮೇಲೆಯೂ ಕಟ್ಟಬೇಕೆನ್ನುವವರು ತಮ್ಮ ಹಣದಿಂದ ಕಟ್ಟಲಿ. ಸರ್ಕಾರದ ಭೂಮಿಯನ್ನು ಕೇಳದಿರಲಿ.

ಈ ಪತ್ರಿಕೆಯ ವಾಚಕರಲ್ಲಿ ವಿದ್ಯಾರ್ಥಿನಿಲಯಗಳ ಆಡಳಿತಮಂಡಲಿಗಳಲ್ಲಿರುವವರು ಅನೇಕರುಂಟೆಂದು ಬಲ್ಲೆನು. ಮುಂದಿನ ನವರಾತ್ರಿಗೆ ತಮ್ಮ ನಿಲಯಗಳ ಬಾಗಿಲನ್ನು ತೆರೆಯುವ ವಿಚಾರವನ್ನು ಮುಂದಿನ ಸಭೆಯಲ್ಲಿಯೇ ಎತ್ತಬೇಕೆಂದು ಅವರನ್ನು ಪ್ರಾರ್ಥಿಸುತ್ತೇನೆ. ಮೇಲ್ವಿಚಾರಕನು ದೊರೆಯದಿದ್ದರೆ, ಆ ಹತ್ತು ರಾತ್ರಿ ಪುಸ್ತಕವನ್ನು ಹಿಡಿದು ಬಾಗಿಲಲ್ಲಿ ಕೂರಲು ನಾನು ಸಿದ್ಧನಾಗಿದ್ದೇನೆ.