ಹಿಂದಿರುಗುವುದೂ ಸಾಹಸವೇ

ಶುಕ್ರವಾರ ರಾತ್ರಿ ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಬೆನ್ನಿಗೆ ಚೀಲ ಬಿಗಿದುಕೊಂಡು ಮಲೆನಾಡಿನ ಬೆಟ್ಟಗಳತ್ತ ಹೊರಟ ತರುಣ ತರುಣಿಯರನ್ನು ಕಾಣದವರು ವಿರಳ. ವಾರವಿಡೀ ಅದೇ ಸಿಗ್ನಲ್, ಅದೇ ಕಂಪ್ಯೂಟರ್ ಪರದೆ, ಅದೇ ಮೀಟಿಂಗ್. ಗಾಣದ ಎತ್ತಿನ ಈ ಸುತ್ತಾಟದಿಂದ ಎರಡು ದಿನವಾದರೂ ಪಾರಾಗಬೇಕೆಂಬ ಅವರ ಹಂಬಲವನ್ನು ಶೋಕಿಯೆಂದು ಹಳಿಯುವವರಿದ್ದಾರೆ. ಆ ಸಾಲಿಗೆ ನಾನು ಸೇರಲಾರೆ. ಸಾಹಸದ ಹಸಿವು ಮನುಷ್ಯಸಹಜವಾದುದು. ನನ್ನ ಆತಂಕವಿರುವುದು ಆ ಹಸಿವಿಗೆ ನಾವು ಬಡಿಸುತ್ತಿರುವ ಊಟದ ಬಗ್ಗೆ.

2024ರ ಜನವರಿ ಕೊನೆಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ನೆರೆದಿದ್ದ ಜನಜಂಗುಳಿಯ ಚಿತ್ರಗಳು ನಾಡಿನಾದ್ಯಂತ ಹರಿದಾಡಿದವು. ಬೆಂಗಳೂರಿನ ಸಂಚಾರ ದಟ್ಟಣೆಯೇ ಪಶ್ಚಿಮಘಟ್ಟವನ್ನೇರಿದಂತಿತ್ತು ಆ ದೃಶ್ಯ. ಆನ್‌ಲೈನ್ ಬುಕಿಂಗ್ ವ್ಯವಸ್ಥೆಯಿಲ್ಲದ ಚಾರಣಗಳನ್ನು ಸರ್ಕಾರ ತಾತ್ಕಾಲಿಕವಾಗಿ ತಡೆಹಿಡಿಯಿತು; ಬಳಿಕ ಒಂದು ಹಾದಿಯಲ್ಲಿ ದಿನಕ್ಕೆ 300 ಮಂದಿಗಷ್ಟೇ ಅವಕಾಶವೆಂಬ ಮಿತಿ ಬಂತು. ಕಾಡಿನ ಹಿತದೃಷ್ಟಿಯಿಂದ ಈ ಕ್ರಮ ಸರಿಯಾದುದೇ. ಆದರೆ ತಲೆ ಎಣಿಸಿದ ಮಾತ್ರಕ್ಕೆ ಚಾರಣ ಸಾಹಸವಾಗಿಬಿಡುವುದಿಲ್ಲ.

ಬದುಕು ನೀರಸವಾಗುವುದು ಮಾಡಿದ್ದನ್ನೇ ಮಾಡುವುದರಿಂದ ಎಂಬುದು ಸಾಮಾನ್ಯ ನಂಬಿಕೆ. ನನಗೆ ಹಾಗನ್ನಿಸುವುದಿಲ್ಲ. ರೈತನೂ ವರ್ಷವರ್ಷ ಅದೇ ಹೊಲವನ್ನು ಉಳುತ್ತಾನೆ. ಆದರೆ ಮಳೆ ಯಾವಾಗ ಬರುವುದೋ ತಿಳಿಯದು. ಯಾವಾಗ ಬಿತ್ತಬೇಕೆಂಬ ತೀರ್ಮಾನ ಅವನದೇ. ಫಲ ಮೊದಲೇ ಗೊತ್ತಿದ್ದು, ನಮ್ಮ ವಿವೇಚನೆಗೆ ಅಲ್ಲಿ ಕೆಲಸವೇ ಇಲ್ಲದಿದ್ದಾಗ ಬೇಸರ ಹುಟ್ಟುತ್ತದೆ. ಹಣ ಕಟ್ಟಿ, ನಸುಕಿಗೆ ಇಳಿದು, ಹೇಳಿದ ಹೊತ್ತಿಗೆ ಶಿಖರ ಮುಟ್ಟಿ, ಚಿತ್ರ ತೆಗೆಸಿಕೊಂಡು, ಸೋಮವಾರ ಕಚೇರಿಗೆ ಮರಳುವ ಪ್ರವಾಸದಲ್ಲಿಯೂ ಇದೇ ಕೊರತೆಯಿದೆ. ಅದು ಕಚೇರಿಯ ವೇಳಾಪಟ್ಟಿಯ ಮುಂದುವರಿದ ಭಾಗ, ಅಷ್ಟೆ.

ನಿಜವಾದ ಸಾಹಸದಲ್ಲಿ ಗುರಿ ಕೈತಪ್ಪುವ ಸಾಧ್ಯತೆ ಸದಾ ಇರುತ್ತದೆ. 1960ರಲ್ಲಿ ಬ್ರಿಗೇಡಿಯರ್ ಜ್ಞಾನ್ ಸಿಂಗ್ ನೇತೃತ್ವದ ಭಾರತೀಯ ತಂಡ ಎವರೆಸ್ಟ್ ಶಿಖರಕ್ಕೆ ಸುಮಾರು 700 ಅಡಿಗಳಷ್ಟೇ ಉಳಿದಿದ್ದಾಗ ಬಿರುಗಾಳಿಗೆ ತಲೆಬಾಗಿ ಹಿಂದಿರುಗಿತು. 1962ರಲ್ಲಿ ಮೇಜರ್ ಜಾನ್ ಡಯಾಸ್ ನೇತೃತ್ವದ ತಂಡ ಇನ್ನು 400 ಅಡಿಗಳಷ್ಟು ದೂರದಿಂದ ಮರಳಿತು. 1965ರಲ್ಲಿ ಎಂ.ಎಸ್. ಕೊಹ್ಲಿ ನಾಯಕತ್ವದಲ್ಲಿ ಒಂಬತ್ತು ಮಂದಿ ತುದಿ ಮುಟ್ಟಿದರು. ಆ ಒಂಬತ್ತು ಮಂದಿಯಲ್ಲಿ ಹಿಂದಿನ ಎರಡೂ ಬಾರಿ ಬರಿಗೈಯಲ್ಲಿ ಮರಳಿದ್ದ ಸೋನಂ ಗ್ಯಾತ್ಸೊ ಒಬ್ಬರು. ಅಂದು ಹಿಂದಿರುಗುವ ವಿವೇಕ ತೋರಿದ್ದರಿಂದಲೇ ಅವರಿಗೆ ಮೂರನೆಯ ಅವಕಾಶ ಉಳಿದಿತ್ತು.

ಈ ವಿವೇಕಕ್ಕೆ ವಾರಾಂತ್ಯದ ಚಾರಣಗಳಲ್ಲಿ ಜಾಗವಿದೆಯೇ? ಮಂಜು ಮುಸುಕಿದರೂ, ಬಂಡೆ ಜಾರುತ್ತಿದ್ದರೂ, ಕೊಟ್ಟ ಹಣ ಮತ್ತು ಸೋಮವಾರದ ಭಯ ನಮ್ಮನ್ನು ಮುಂದಕ್ಕೆ ನೂಕುತ್ತವೆ. ಪ್ರಾಣಾಪಾಯವಿರುವುದು ಬೆಟ್ಟದ ಎತ್ತರಕ್ಕಿಂತ ಹೆಚ್ಚಾಗಿ ಈ ಹಟದಲ್ಲಿ. ಆದ್ದರಿಂದ ಸಂಘಟಕರು ಮಾರ್ಗದರ್ಶಿಗೆ ಅರ್ಧದಲ್ಲೇ ತಂಡವನ್ನು ಮರಳಿಸುವ ಪೂರ್ಣ ಅಧಿಕಾರ ಕೊಡಬೇಕು. ಅದನ್ನು ಹೊರಡುವ ಮುನ್ನವೇ ಎಲ್ಲರಿಗೂ ತಿಳಿಸಬೇಕು. ಚಾರಣಿಗರಾದರೂ ನಕ್ಷೆ ಓದುವುದನ್ನು, ಪ್ರಥಮ ಚಿಕಿತ್ಸೆಯನ್ನು, ಮೋಡದ ಸೂಚನೆಯನ್ನು ಅರಿಯುವುದನ್ನು ಕಲಿಯಬೇಕು. ಹೆಸರಾಂತ ಶಿಖರಗಳನ್ನು ಬಿಟ್ಟು, ಪ್ರವೇಶಕ್ಕೆ ಅವಕಾಶವಿರುವ ಹತ್ತಿರದ ಸಣ್ಣ ಗುಡ್ಡವನ್ನು ಮೂರು ನಾಲ್ಕು ಜನ ಸೇರಿ ಹತ್ತಬಹುದು.

ರಜೆಯೂ ಹಣವೂ ಇಲ್ಲದವರಿಗೆ ಬೆಟ್ಟವೇ ಆಗಬೇಕೆಂದಿಲ್ಲ. ಐವತ್ತರ ವಯಸ್ಸಿನಲ್ಲಿ ಈಜು ಕಲಿಯಲು ನೀರಿಗಿಳಿಯುವವರದೂ ಸಾಹಸವೇ. ಸೋಲಬಹುದೆಂದು ತಿಳಿದೂ ಸ್ವಂತ ತೀರ್ಮಾನದಿಂದ ಒಂದು ಹೆಜ್ಜೆ ಇಟ್ಟವರು ಸೋಮವಾರ ಕಚೇರಿಗೆ ಹೋದಾಗ, ಅಲ್ಲಿಯೂ ತಮ್ಮ ವಿವೇಚನೆಗೆ ಒಂದಿಷ್ಟು ಎಡೆ ಕೇಳಿಯಾರು. ಏಕತಾನತೆ ಮುರಿಯುವುದು ಅಲ್ಲಿಂದ.